ಬಾದಾಮಿಯ ದಾರಿಯಲ್ಲಿ ಒಂದು ಸಪ್ಪಳ

ಪ್ರವಾಸದಲ್ಲಿ ಕಣ್ಣಿಗೆ ಕೆಲಸ ಹೆಚ್ಚು, ಕಿವಿಗೆ ಕಡಿಮೆ ಎಂಬುದು ಸಾಮಾನ್ಯವಾದ ಮಾತು. ಕಳೆದ ಚಳಿಗಾಲದಲ್ಲಿ ನಾವು ಹುಬ್ಬಳ್ಳಿಯಿಂದ ಬಾದಾಮಿಗೆ, ಅಲ್ಲಿಂದ ಗುಳೇದಗುಡ್ಡಕ್ಕೆ ಕೈಗೊಂಡ ಪ್ರವಾಸದಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಹೊರಟ ಗಳಿಗೆಯಿಂದ ಬಾದಾಮಿ ಸೇರುವವರೆಗೂ ನಾವೆಲ್ಲರೂ ಕಿವಿ ನಿಮಿರಿಸಿಕೊಂಡೇ ಕುಳಿತಿದ್ದೆವು. ನಮ್ಮ ಹಳೆಯ ಅಂಬಾಸಿಡರ್ ಕಾರಿನ ಹಿಂಭಾಗದಿಂದ ಬರುತ್ತಿದ್ದ ಒಂದು ಸಪ್ಪಳವೇ ಅದಕ್ಕೆ ಕಾರಣ.

ನಮ್ಮ ತಾಯಿಯವರಿಗೆ ಈಗ ಎಂಬತ್ತನಾಲ್ಕು ವರ್ಷ. ಅವರ ತವರು ಗುಳೇದಗುಡ್ಡ. ಖಣ ನೇಯುವ ಮನೆತನ. ಅವರ ಅಣ್ಣನ ಮಗ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವವನಿದ್ದಾನೆ ಎಂಬ ಸುದ್ದಿ ಬಂದಂದಿನಿಂದ, ಕೆಡಹುವ ಮೊದಲು ಒಮ್ಮೆ ಆ ಮನೆಯ ಹೊಸಿಲು ತುಳಿದು ಬರಬೇಕೆಂದು ಅವರು ಪಟ್ಟು ಹಿಡಿದಿದ್ದರು. ಬಸ್ಸಿನ ಮೆಟ್ಟಿಲು ಹತ್ತಲು ಅವರ ಮೊಣಕಾಲು ಒಪ್ಪವು. ತಂದೆಯವರು ಕೊಂಡಿದ್ದ ಅಂಬಾಸಿಡರ್ ಒಂದೇ ಅವರಿಗೆ ಒಗ್ಗಿದ ವಾಹನ. ಈ ಕಾರಿನ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಆದರೂ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತುಕೊಳ್ಳುವ ಸುಖ ಬೇರೆಡೆ ಸಿಗದೆಂದು ನಾವು ಅದನ್ನು ಜೋಪಾನವಾಗಿ ಇಟ್ಟುಕೊಂಡು ಬಂದಿದ್ದೇವೆ.

ಸಪ್ಪಳ ಹೊಸದೇನೂ ಆಗಿರಲಿಲ್ಲ. ಎರಡು ತಿಂಗಳ ಹಿಂದೆ ಎಡಬದಿಯ ಹಿಂಗಾಲಿಯ ಕಡೆಯಿಂದ ‘ಕಟಕಟ’ ಎನ್ನತೊಡಗಿದಾಗ ಊರಿನ ಒಂದು ಗ್ಯಾರೇಜಿಗೆ ಒಯ್ದಿದ್ದೆವು. ಅಲ್ಲಿ ಕಾರನ್ನು ಓಡಿಸಿಯೂ ನೋಡದೆ, ಶಾಕ್ ಅಬ್ಸಾರ್ಬರುಗಳು ಹೋಗಿವೆ ಎಂದು ಹೇಳಿ ಹಿಂದಿನ ಎರಡನ್ನೂ ಬದಲಾಯಿಸಿದರು. ಹಣವೇನೋ ಹೋಯಿತು, ಸಪ್ಪಳ ಹೋಗಲಿಲ್ಲ. ಮತ್ತೆ ಕೇಳಿದ್ದಕ್ಕೆ, ಹಳೆಯ ಗಾಡಿಯೆಂದ ಮೇಲೆ ಇಷ್ಟು ಇದ್ದೇ ಇರುತ್ತದೆ ಎಂಬ ಉತ್ತರ ದೊರೆಯಿತು. ನಾವೂ ಅದನ್ನೇ ನಂಬಿ ಸುಮ್ಮನಾಗಿದ್ದೆವು. ತಾಯಿ, ಮನೆಯವರು, ಎಂಟು ವರ್ಷದ ಮೊಮ್ಮಗ, ಇಷ್ಟು ಜನರನ್ನು ಕೂಡಿಸಿಕೊಂಡು ಒಂದು ಮುಂಜಾನೆ ಹೊರಟೇಬಿಟ್ಟೆವು.

ಹುಬ್ಬಳ್ಳಿಯನ್ನು ದಾಟಿ ನವಲಗುಂದ, ನರಗುಂದಗಳ ಕಡೆಗೆ ಸಾಗುವ ದಾರಿ ಎರೆಭೂಮಿಯ ದಾರಿ. ಕಣ್ಣು ಹಾಯಿಸಿದಷ್ಟು ದೂರವೂ ಕಪ್ಪು ನೆಲ, ಕಡಲೆ, ಜೋಳ. ಜಮಖಾನೆಗೆ ಹೆಸರಾದ ನವಲಗುಂದ ಹಿಂದೆ ಸರಿಯಿತು. ಎರೆಮಣ್ಣಿಗೆ ಒಂದು ಗುಣವಿದೆ. ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ರಸ್ತೆಯೂ ಅದರೊಡನೆ ಏರಿಳಿದು, ಕೆಲವು ವರ್ಷಗಳಲ್ಲಿ ತೆರೆಗಳಂತೆ ಅಲೆಯಾಗುತ್ತದೆ. ಇಂಥ ಕಡೆಗಳಲ್ಲಿ ಕಾರು ತೊಟ್ಟಿಲಿನಂತೆ ತೂಗುತ್ತ ಸಾಗುತ್ತಿತ್ತು. ನಾವು ಗಮನಿಸಿದ ಮೊದಲ ಸಂಗತಿಯೆಂದರೆ, ಈ ನಿಧಾನವಾದ ಏರಿಳಿತದಲ್ಲಿ ಸಪ್ಪಳವೇ ಇರಲಿಲ್ಲ. ಹಳ್ಳಿಗಳ ಬಳಿ ರಸ್ತೆ ಒಡೆದು ಜಲ್ಲಿ ಎದ್ದ ಕಡೆ ಮಾತ್ರ ‘ಕಟಕಟ’ ಶುರುವಾಗುತ್ತಿತ್ತು. ಕಾರನ್ನು ನಿಲ್ಲಿಸಿ ಮತ್ತೆ ಹೊರಡಿಸುವಾಗಲೂ, ಬ್ರೇಕ್ ಒತ್ತಿದಾಗಲೂ ‘ಟಕ್’ ಎಂದು ಒಂದೇ ಒಂದು ಪೆಟ್ಟು ಬೇರೆಯಾಗಿ ಕೇಳಿಸುತ್ತಿತ್ತು.

ನರಗುಂದದಲ್ಲಿ ಚಹಾ ಕುಡಿಯಲು ನಿಂತಾಗ ತಾಯಿಯವರು, “ಸಪ್ಪಳ ನನ್ನ ಕಾಲ ಕೆಳಗಿಂದ ಬರಾಂಗಿಲ್ಲಪ್ಪಾ, ಬೆನ್ನ ಹಿಂದಿಂದ ಬರತೈತಿ. ಒಂದಲ್ಲ, ಎರಡು ಸಪ್ಪಳ ಅದಾವ” ಎಂದರು. ನಾವು ನಕ್ಕೆವು. ಅವರು ನಗಲಿಲ್ಲ. “ಮಗ್ಗದ ಮನಿಯಾಗ ಹುಟ್ಟಿದಾಕಿ ನಾನು. ನಮ್ಮಪ್ಪ ಒಳಗ ಉಣ್ಣಾಕ ಕುಂತಾಗ ಹೊರಗಿನ ಮಗ್ಗ ತಪ್ಪಿ ಬಡಿದರ, ಲಾಳಿ ತಪ್ಪೈತೋ ಹಲಗಿ ಸಡಲೈತೋ ಅಂತ ಕುಂತಲ್ಲೆ ಹೇಳತಿದ್ದ” ಎಂದರು. ನಾವು ಸುಮ್ಮನಾದೆವು.

ಕೊಣ್ಣೂರಿನ ಹತ್ತಿರ ಮಲಪ್ರಭೆಯನ್ನು ದಾಟಿ, ಕುಳಗೇರಿ ಕ್ರಾಸಿನಲ್ಲಿ ಹೆದ್ದಾರಿಯನ್ನು ಬಿಟ್ಟು ಬಾದಾಮಿಯ ಕಡೆಗೆ ಹೊರಳಿದೆವು. ಇಲ್ಲಿಂದ ಮುಂದೆ ನೆಲದ ಬಣ್ಣವೇ ಬೇರೆ. ಕಪ್ಪು ಸರಿದು ಕೆಂಪು ಕಾಣಿಸಿಕೊಳ್ಳುತ್ತದೆ. ದೂರದಲ್ಲಿ ಮರಳುಗಲ್ಲಿನ ಗುಡ್ಡಗಳು ಗೋಡೆ ಎತ್ತಿದಂತೆ ನಿಲ್ಲುತ್ತವೆ. ದಾರಿ ಗಟ್ಟಿಯಾದಷ್ಟೂ ಸಪ್ಪಳ ಹೆಚ್ಚಿತು. ಬಾದಾಮಿ ಸೇರುವ ಹೊತ್ತಿಗೆ ಮೊಮ್ಮಗನೂ ಮಾತು ನಿಲ್ಲಿಸಿದ್ದ.

ಊರೊಳಗೆ ವಿಚಾರಿಸಲಾಗಿ, ಟ್ರ್ಯಾಕ್ಟರು, ಟ್ರಕ್ಕುಗಳ ಕೆಲಸ ಮಾಡುವ ಒಬ್ಬ ಹಿರಿಯ ಮೇಸ್ತ್ರಿಯ ಗ್ಯಾರೇಜನ್ನು ತೋರಿಸಿದರು. ಆತ ಮೊದಲು ಮಾಡಿದ ಕೆಲಸ ನಮಗೆ ವಿಚಿತ್ರವೆನಿಸಿತು. ಡಿಕ್ಕಿಯೊಳಗಿದ್ದ ಸ್ಟೆಪ್ನಿ, ಜಾಕ್, ಪಾನಾಗಳು, ನಮ್ಮ ಗಂಟುಮೂಟೆ ಎಲ್ಲವನ್ನೂ ಕೆಳಗಿಳಿಸಿ, ಕಾರನ್ನು ಜಲ್ಲಿಯ ಮೇಲೆ ಒಂದು ಸುತ್ತು ಓಡಿಸಿದ. “ಅರ್ಧ ಸಪ್ಪಳ ಡಿಕ್ಕಿಯಾಗಿನ ಸಾಮಾನಿಂದ ಇರತಾವ್ರಿ ಸಾಹೇಬ್ರ, ಮೊದಲ ಅದನ್ನ ತೆಗೀಬೇಕು” ಎಂದ. ಸಪ್ಪಳ ಹಾಗೆಯೇ ಇತ್ತು. ಆ ಮೇಲೆ ಹಿಂದಿನ ಮೂಲೆಯನ್ನು ಎರಡೂ ಕೈಗಳಿಂದ ಕೆಳಕ್ಕೆ ಒತ್ತಿ ಬಿಟ್ಟ. ಕಾರು ಒಮ್ಮೆ ಎದ್ದು, ಅಲ್ಲಿಯೇ ನಿಂತಿತು. ಶಾಕ್ ಕೆಟ್ಟಿದ್ದರೆ ಅದು ಮೂರು ನಾಲ್ಕು ಸಲ ಕುಣಿಯುತ್ತಿತ್ತು. ಅದರ ಮೈಮೇಲೆ ಎಣ್ಣೆ ಸೋರಿದ ಗುರುತೂ ಇರುತ್ತಿತ್ತು. ಹಳೆಯ ಶಾಕುಗಳನ್ನು ಬದಲಿಸುವ ಮುನ್ನ ಈ ಒಂದು ಪರೀಕ್ಷೆ ಮಾಡಿದ್ದರೆ ನಮ್ಮ ಹಣ ಉಳಿಯುತ್ತಿತ್ತೇನೋ.

ತಾಯಿಯವರ ಮಾತನ್ನು ಹೇಳಿದಾಗ ಆತ ಕೆಲಸ ಬಿಟ್ಟು ಅವರ ಬಳಿಗೇ ಬಂದು ಕುಕ್ಕರಗಾಲಿನಲ್ಲಿ ಕುಳಿತ. “ಅಮ್ಮಾರ, ಗಾಡಿ ಹೊರಡೂಮುಂದ ಒಂದ ಸಲ ಬಡೀತೈತೇನ್ರಿ?” ಎಂದು ಕೇಳಿದ. ಹೌದೆಂದರು. “ಕಲ್ಲಿನ ಮ್ಯಾಲ ಬಡಿಯೂದು ಬ್ಯಾರೆ, ಇದು ಬ್ಯಾರೆ?” ಅದಕ್ಕೂ ಹೌದೆಂದರು.

ಅಂಬಾಸಿಡರಿನ ಹಿಂಭಾಗದ ರಚನೆ ಎತ್ತಿನ ಗಾಡಿಯ ಅಚ್ಚನ್ನು ಬಲ್ಲವರಿಗೆ ತಿಳಿಯುವಷ್ಟು ಸರಳವಾದುದು. ಎರಡೂ ಬದಿಗೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ; ಮೇಸ್ತ್ರಿಗಳು ಇದನ್ನು ಪ್ಲೇಟು ಎನ್ನುತ್ತಾರೆ. ಅದರ ಮುಂತುದಿ ಕಾರಿನ ಮೈಗೆ ನೇರವಾಗಿ ಸೇರಿದ್ದರೆ, ಹಿಂತುದಿ ಶಾಕಲ್ ಎಂಬ ತೂಗುಕೊಂಡಿಯಲ್ಲಿ ಜೋತಿರುತ್ತದೆ. ಭಾರ ಬಿದ್ದಾಗ ಪಟ್ಟಿ ಚಪ್ಪಟೆಯಾಗಿ ಉದ್ದವಾಗುವುದರಿಂದ ಅದಕ್ಕೆ ಆ ಓಲಾಟ ಬೇಕು. ಎರಡೂ ತುದಿಗಳಲ್ಲಿ ಲೋಹಕ್ಕೆ ಲೋಹ ತಾಗದಂತೆ ರಬ್ಬರಿನ ಬುಷ್‌ಗಳಿರುತ್ತವೆ. ನಡುವೆ ಈ ಪಟ್ಟಿಗಳ ಕಟ್ಟನ್ನು ಅಚ್ಚಿಗೆ ಬಿಗಿದು ಹಿಡಿಯುವುದು ಯು-ಬೋಲ್ಟುಗಳು.

ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಮೈಗೆ ಗಟ್ಟಿಯಾದ ಕಬ್ಬಿಣದ ಆಸರೆ ನಿಲ್ಲಿಸಿದ ಮೇಲೆಯೇ ಆತ ಕೆಳಗೆ ನುಸುಳಿದ. ಬರಿಯ ಜಾಕನ್ನು ನಂಬಿ ಕಾರಿನ ಕೆಳಗೆ ಹೋಗಬಾರದೆಂದು ನಮ್ಮ ಮೊಮ್ಮಗನಿಗೂ ಹೇಳಿದ. ಸೈಲೆನ್ಸರ್ ಪೈಪು ಎಲ್ಲಿಯಾದರೂ ತಾಗುವುದೇ ಎಂದು ಅಲ್ಲಾಡಿಸಿ ನೋಡಿದ. ಹೊರಡುವಾಗಿನ ಪೆಟ್ಟು ಎಂಜಿನ್ನಿನಿಂದ ಹಿಂದಕ್ಕೆ ಬರುವ ಶಾಫ್ಟಿನ ಕೀಲಿನದೂ ಆಗಿರಬಹುದೆಂದು ಅದನ್ನು ಕೈಯಿಂದ ತಿರುವಿ ನೋಡಿದ, ಅದು ಗಟ್ಟಿಯಾಗಿತ್ತು. ಬಳಿಕ ಶಾಕಲ್ಲಿನ ಸಂದಿನಲ್ಲಿ ಹಾರೆಯ ತುದಿಯಿಟ್ಟು ಮೀಟಿದ. ‘ಕಟ್’! ಎರಡು ತಿಂಗಳಿನಿಂದ ನಮ್ಮನ್ನು ಕಾಡಿದ ಸಪ್ಪಳ ಅದೇ. ಬುಷ್ ಸವೆದು ಬಿರಿದು, ಪಿನ್ನು ಒಳಗೆ ಓಲಾಡುತ್ತಿತ್ತು. ಅದು ತಾಯಿಯವರ ಬೆನ್ನ ಹಿಂದೆಯೇ ಇತ್ತು.

ಎರಡನೆಯ ಸಪ್ಪಳ ಯು-ಬೋಲ್ಟಿನದು. ಅದರ ನಟ್ಟುಗಳ ಸುತ್ತ ಕೆಂಪನೆಯ ತುಕ್ಕಿನ ಪುಡಿ ಕುಳಿತಿತ್ತು; ಪಕ್ಕದ ಲೋಹ ಉಜ್ಜಿ ಹೊಳೆಯುತ್ತಿತ್ತು. ಎರಡು ಭಾಗಗಳು ಒಂದನ್ನೊಂದು ತಿಕ್ಕುತ್ತಿವೆ ಎಂಬುದಕ್ಕೆ ಇದೇ ಸಾಕ್ಷಿ. ಪಾನಾ ಹಾಕಿದರೆ ನಟ್ಟು ಸಲೀಸಾಗಿ ತಿರುಗಿತು. “ಶಾಕಲ್ ಸಪ್ಪಳ ಬರೇ ಕಿವಿಗೆ ತ್ರಾಸರೀ. ಇದು ಜೀವಕ್ಕ. ಇದು ಪೂರಾ ಸಡಲಿದ್ರ ನಡುವಿನ ಬೋಲ್ಟ್ ಕಡದು ಅಚ್ಚು ಜಾಗಾ ಬಿಟ್ಟು ಸರೀತೈತಿ. ಗಾಡಿ ಎತ್ತಾಗ ಹೊಕ್ಕೈತಿ ಅಂತ ಹೇಳಾಕ ಬರಾಂಗಿಲ್ಲ” ಎಂದ. ಹೆದ್ದಾರಿಯಲ್ಲಿ ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಮೊಮ್ಮಕ್ಕಳನ್ನು ನೆನೆದು ನಮ್ಮ ಎದೆ ಝಲ್ಲೆಂದಿತು. ಹಳೆಯ ಗಾಡಿಗೆ ಇಷ್ಟು ಇದ್ದೇ ಇರುತ್ತದೆ ಎಂಬ ಮಾತನ್ನು ನಾವು ಎಷ್ಟು ಸುಲಭವಾಗಿ ಒಪ್ಪಿಕೊಂಡಿದ್ದೆವು!

ಬುಷ್‌ಗಳು ಬಾಗಲಕೋಟೆಯಿಂದ ಬರಬೇಕಾಗಿದ್ದುದರಿಂದ ಅಂದು ಬಾದಾಮಿಯಲ್ಲಿಯೇ ಉಳಿದೆವು. ಮನೆಯವರೂ ಮೊಮ್ಮಗನೂ ಗುಹೆಗಳ ಮೆಟ್ಟಿಲು ಹತ್ತಿದರು. ಬಂಡೆಯನ್ನು ಕೊರೆದು ಮಾಡಿದ ನಾಲ್ಕು ಗುಹಾಲಯಗಳಲ್ಲಿ ಮೂರನೆಯದು ಎಲ್ಲಕ್ಕೂ ದೊಡ್ಡದು. ಚಾಲುಕ್ಯ ಮಂಗಲೇಶನ ಶಾಸನ ಅಲ್ಲಿದ್ದು, ಅದರ ಕಾಲ ಕ್ರಿ.ಶ. 578 ಎಂದು ಖಚಿತವಾಗಿರುವುದರಿಂದ ಇತಿಹಾಸಕಾರರಿಗೆ ಅದೊಂದು ಮೈಲಿಗಲ್ಲು. ನಾವು ತಾಯಿಯವರೊಡನೆ ಅಗಸ್ತ್ಯತೀರ್ಥದ ಸೋಪಾನದ ಮೇಲೆ ಕುಳಿತೆವು. ಸಂಜೆಯ ಬಿಸಿಲಿಗೆ ಸುತ್ತಲಿನ ಬಂಡೆಗಳು ಕೆಂಡದ ಬಣ್ಣ ತಾಳಿದ್ದವು. ಆಚೆ ದಡದಲ್ಲಿ ಭೂತನಾಥ ದೇವಾಲಯ. ಈಚೆ ದಡದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಂದು ಏಟು ಕಲ್ಲಿನ ಮೇಲೆ ಬಿದ್ದರೆ ಅದರ ಪ್ರತಿಧ್ವನಿ ಎದುರಿನ ಬಂಡೆಯಿಂದ ಬರುತ್ತಿತ್ತು. ಕಣ್ಣು ಮುಚ್ಚಿದರೆ ಆ ಬಂಡೆಯಲ್ಲಿಯೇ ಯಾರೋ ಒಗೆಯುತ್ತಿದ್ದಾರೆ ಎನ್ನಬೇಕು. ಕಾರಿನ ತಗಡಿನ ಮೈಯೂ ಹೀಗೆಯೇ. ಒಂದು ಮೂಲೆಯ ಪೆಟ್ಟನ್ನು ಹೊತ್ತು ಇನ್ನೊಂದು ಮೂಲೆಯಲ್ಲಿ ಇಳಿಸುತ್ತದೆ. ಅದಕ್ಕೇ ಕಿವಿ ಹೇಳಿದ್ದನ್ನು ಕೈಯಿಂದ ಮುಟ್ಟಿ ನೋಡುವವರೆಗೂ ಪೂರ್ತಿ ನಂಬಬಾರದೆಂದು ಮೇಸ್ತ್ರಿ ಹೇಳಿದ್ದುದು.

ಮರುದಿನ ಬುಷ್‌ಗಳು ಬಂದವು. ಒಂದೇ ಬದಿಗೆ ಹಾಕಿದರೆ ಕಾರು ಸಮವಾಗಿ ನಿಲ್ಲದೆಂದು ಎರಡೂ ಬದಿಗೆ ಹೊಸವನ್ನೇ ಹಾಕಿದ. ಪಟ್ಟಿಗಳನ್ನು ಒರೆಸಿ, ಬಿರುಕಿಲ್ಲವೆಂದು ಒಂದೊಂದಾಗಿ ನೋಡಿದ. ಯು-ಬೋಲ್ಟುಗಳನ್ನು ಹೊಸದಾಗಿ ಕೂಡಿಸಿ ಬಿಗಿದ. ಶಾಕಲ್ಲಿನ ಬೋಲ್ಟುಗಳನ್ನು ಮಾತ್ರ ಕಾರು ನೆಲಕ್ಕಿಳಿದು ಭಾರ ಗಾಲಿಗಳ ಮೇಲೆ ಬಿದ್ದ ಮೇಲೆಯೇ ಬಿಗಿದ. ಎತ್ತಿ ಹಿಡಿದಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆಯಂತೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟಿನ ಬಿಗಿಯನ್ನು ಮತ್ತೊಮ್ಮೆ ನೋಡಿಸಬೇಕೆಂದು ಎಚ್ಚರಿಸಿ, ಕೊಟ್ಟ ಕೂಲಿಯಲ್ಲಿ ಇಪ್ಪತ್ತು ರೂಪಾಯಿಯನ್ನು ಮೊಮ್ಮಗನ ಕೈಗೆ ಹಿಂದಿರುಗಿಸಿದ.

ಗುಳೇದಗುಡ್ಡದ ದಾರಿಯಲ್ಲಿ ಕಾರು ಮೌನವಾಗಿತ್ತು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣವೇ ಜೊತೆ ಎಂಬುದನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಆದರೆ ಖಣ ನೇಯುವ ಕುಣಿಮಗ್ಗಗಳು ಈಗ ವಿರಳವಾಗಿವೆ. ತಾಯಿಯವರ ತವರಿನಲ್ಲಿ ಮಗ್ಗದ ಕುಣಿಯನ್ನು ಎಂದೋ ಮುಚ್ಚಿ ಗಾರೆ ಮಾಡಿದ್ದರು. ಅವರು ಹೊಸಿಲು ದಾಟಿ ಒಳಗೆ ಬಂದು, ಆ ಗಾರೆಯ ಮೇಲೆ ಅಂಗಾಲಿಟ್ಟು ಬಹಳ ಹೊತ್ತು ನಿಂತರು. ಅಣ್ಣನ ಮಗ ಏನೋ ಸಮಾಧಾನದ ಮಾತು ಹೇಳಲು ಬಂದರೆ ಕೈಸನ್ನೆಯಿಂದ ತಡೆದರು. ಹಿಂದಿನ ಓಣಿಯಿಂದ ಒಂದು ಮಗ್ಗದ ಸದ್ದು ಸಣ್ಣಗೆ ಕೇಳಿಬರುತ್ತಿತ್ತು.

“ಚಲೋ ನಡದೈತಿ” ಎಂದರು ಕೊನೆಗೆ.

ಸಂಜೆ ಹಿಂದಿರುಗುವಾಗ ಅವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಮೊಮ್ಮಗನ ಹೆಗಲಿಗೆ ಒರಗಿ ಗಾಢವಾಗಿ ನಿದ್ರಿಸಿದರು. ಬರುವಾಗ ಅವರು ಒಂದು ಗಳಿಗೆಯೂ ಕಣ್ಣು ಮುಚ್ಚಿರಲಿಲ್ಲ ಎಂಬುದು ಆಗ ನಮಗೆ ನೆನಪಾಯಿತು. ಹುಬ್ಬಳ್ಳಿ ಸೇರಿದ ಮರುವಾರವೇ ಯು-ಬೋಲ್ಟುಗಳ ಬಿಗಿಯನ್ನು ನೋಡಿಸಿದೆವು. ನಟ್ಟೊಂದು ಕಾಲು ಸುತ್ತು ತಿರುಗಿತು.