ನಮ್ಮೂರ ಆರ್‌.ವಿ.ಯಲ್ಲಿ ಮೂರು ರಾತ್ರಿ

ಅಮೆರಿಕದಿಂದ ರಜೆಗೆ ಬಂದಿದ್ದ ನನ್ನ ಮೊಮ್ಮಗ ಒಂದು ರಾತ್ರಿ ಊಟದ ಹೊತ್ತಿಗೆ ವಿಡಿಯೊ ತೋರಿಸಿದ. ಬಸ್ಸಿನಷ್ಟು ಉದ್ದದ ಗಾಡಿ. ಒಳಗೆ ಹಾಸಿಗೆ, ಒಲೆ, ಫ್ರಿಜ್ಜು, ಸ್ನಾನದ ಮನೆ ಎಲ್ಲವೂ ಇವೆ. ಅದಕ್ಕೆ ಅಲ್ಲಿ ಆರ್‌.ವಿ. ಎನ್ನುತ್ತಾರಂತೆ. ಹೆದ್ದಾರಿ ಪಕ್ಕದ ಸಣ್ಣ ಊರುಗಳಲ್ಲಿ ಅದನ್ನು ನಿಲ್ಲಿಸಲೆಂದೇ ಬಯಲು ಇರುತ್ತದೆ. ನೀರು, ಕರೆಂಟು ಜೋಡಿಸಿಕೊಂಡು ನಾಲ್ಕು ದಿನ ಅಲ್ಲೇ ಇದ್ದು, ಸುತ್ತಮುತ್ತ ನೋಡಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ.

“ಅಜ್ಜಾ, ನೀವು ಎಂದರ ಇಂಥಾದ್ರಾಗ ಮಲಗೀರೇನು?” ಎಂದು ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಕೇಳಿದಳು.

“ಮಲಗೇನಿ ಯವ್ವಾ. ನಮ್ಮ ಗಾಡಿಗೆ ಎರಡು ಇಂಜಿನ್ ಇದ್ದವು. ಎರಡಕ್ಕೂ ಕೊಂಬಿದ್ದವು” ಎಂದೆ.

ಮಕ್ಕಳು ನಕ್ಕರು. ಆದರೆ ನಾನು ಹೇಳಿದ್ದು ಸುಳ್ಳಲ್ಲ. ಯಲಬುರ್ಗಾ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಹುಲಿಗೆಮ್ಮನ ಗುಡಿಗೆ ಹೋಗಲು ಆಗ ಎರಡು ದಿನದ ಹಾದಿ. ಅಪ್ಪ ಬಂಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ ಸವಾರಿ ಬಂಡಿ ಮಾಡುತ್ತಿದ್ದ. ಒಳಗೆ ಒಣಹುಲ್ಲು, ಹುಲ್ಲಿನ ಮೇಲೆ ಜಮಖಾನೆ, ಅದರ ಮೇಲೆ ಅವ್ವನ ಕೌದಿ. ಬಂಡಿಯ ಕೆಳಗೆ ಕಂದೀಲು, ಗಾಲಿಗೆ ಹಚ್ಚುವ ಕೀಲೆಣ್ಣೆ. ಬುತ್ತಿಗಂಟಿನಲ್ಲಿ ಕಟಕ್ ರೊಟ್ಟಿ, ಗುರೆಳ್ಳು ಚಟ್ನಿ, ಮಾದಲಿ. ರಾತ್ರಿ ಎಲ್ಲಿ ಎತ್ತು ಬಿಚ್ಚಿದೆವೋ ಅದೇ ನಮ್ಮ ಮನೆ.

“ಹಂಗಾರ ನಾವೂ ಹೋಗೂಣು” ಎಂದಳು ಮೊಮ್ಮಗಳು. ಅಣ್ಣನ ಮಗನದೊಂದು ಕ್ರೂಸರ್ ಗಾಡಿ ಇದೆ. ಮದುವೆ, ಜಾತ್ರೆ, ಆಸ್ಪತ್ರೆ ಎಲ್ಲಕ್ಕೂ ಅದೇ. ತಾಡಪತ್ರಿ, ಆರು ಕೌದಿ, ಸಣ್ಣ ಗ್ಯಾಸ್ ಒಲೆ, ನೀರಿನ ಕ್ಯಾನು, ನನ್ನ ಗುಳಿಗೆ ಡಬ್ಬಿ ಏರಿಸಿದೆವು. ಬನದ ಹುಣ್ಣಿಮೆ ಮೂರು ದಿನ ಇತ್ತು. ನಮ್ಮ ಮನೆಯವರು ಮುಂದಿನ ಸೀಟಿನಲ್ಲಿ ಕುಳಿತು, “ಎಪ್ಪತ್ನಾಲ್ಕು ವರ್ಷಕ್ಕ ಇವ್ರಿಗೆ ಹುಡುಗಾಟಿಕಿ” ಎಂದರು. ಆದರೆ ಎಲ್ಲರಿಗಿಂತ ಮೊದಲು ಗಾಡಿ ಹತ್ತಿದವರು ಅವರೇ.

ಕೊಪ್ಪಳ ಬಿಡುವ ಮುನ್ನ ಪಾಲ್ಕಿಗುಂಡು ತೋರಿಸಿದೆ. ಗುಡ್ಡದ ಮೇಲೆ ಎರಡು ಬಂಡೆ, ಅವುಗಳ ಮೇಲೆ ಪಲ್ಲಕ್ಕಿಯಂತೆ ಹೊತ್ತು ನಿಲ್ಲಿಸಿದ ಮೂರನೆಯ ಬಂಡೆ. ಅದರ ನೆರಳಿನಲ್ಲಿ ಅಶೋಕ ಚಕ್ರವರ್ತಿಯ ಬರಹವಿದೆ. ಗವಿಮಠದ ಗುಡ್ಡದಲ್ಲಿ ಇನ್ನೊಂದಿದೆ. ಎರಡೂ ಲೋಕದ ಕಣ್ಣಿಗೆ ಬಿದ್ದದ್ದು 1931ರಲ್ಲಿ. “ಎರಡು ಸಾವಿರ ವರ್ಷ ಯಾರೂ ಓದಲೇ ಇಲ್ಲವಾ?” ಎಂದ ಮೊಮ್ಮಗ. ಓದುವವರು ಬರುವವರೆಗೆ ಕಲ್ಲು ಕಾಯುತ್ತದಪ್ಪ ಎಂದೆ.

ಕುಕನೂರಿನಲ್ಲಿ ನವಲಿಂಗ ಗುಡಿ ನೋಡಿಕೊಂಡು ಇಟಗಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಮಕ್ಕಳೇ, ನಿಮ್ಮ ಪಾಠಪುಸ್ತಕದಲ್ಲಿ ‘ದೇವಾಲಯ ಚಕ್ರವರ್ತಿ’ ಎಂಬ ಮಾತು ಬಂದರೆ ಅದು ಇದೇ ಮಹಾದೇವ ದೇವಾಲಯ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಅಲ್ಲಿನ ಶಾಸನವೇ ಈ ಬಿರುದು ಕೊಟ್ಟಿದೆ. ಬಳಪದ ಕಲ್ಲು ಮೆತ್ತಗಿರುತ್ತದೆ. ಅದಕ್ಕೇ ಅಷ್ಟು ಸಣ್ಣ ಕುಸುರಿ ಸಾಧ್ಯವಾಯಿತು. ಕಂಬಗಳನ್ನು ಚಕ್ರಕ್ಕೆ ಹಿಡಿದು ಕಡೆದಿದ್ದಾರೆ. ಮುಖ ಕಾಣುವಷ್ಟು ನುಣುಪು.

ದೊಡ್ಡ ಮಂಟಪಕ್ಕೆ ಮೂಲದಲ್ಲಿ 68 ಕಂಬಗಳಿದ್ದವು ಎಂದು ಹೇಳಿದ್ದೇ ತಪ್ಪಾಯಿತು. ಇಬ್ಬರೂ ಎಣಿಸಲು ನಿಂತರು. ಒಬ್ಬರದು ಒಂದು ಲೆಕ್ಕ, ಇನ್ನೊಬ್ಬರದು ಇನ್ನೊಂದು. ಕಟ್ಟೆಯ ಮೇಲಿನ ಗಿಡ್ಡ ಕಂಬಗಳನ್ನು ಎಣಿಸಬೇಕೋ ಬೇಡವೋ ಎಂದು ಜಗಳ. ಕಡೆಗೆ ನಾನೂ ಎಣಿಸಿದೆ. ನನ್ನದು ಮೂರನೆಯ ಲೆಕ್ಕವಾಯಿತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ಮಾಡಿದವನ ಮರ್ಯಾದೆ ಅಲ್ಲಿಗೆ ಮುಗಿಯಿತು. ನೀವು ಹೋದರೆ ಎಣಿಸಿ ನೋಡಿ.

ಆ ರಾತ್ರಿ ನಮ್ಮ ಹಳ್ಳಿಯ ಹಳೆಯ ಕಣದಲ್ಲಿ ಗಾಡಿ ನಿಲ್ಲಿಸಿದೆವು. ಸುತ್ತ ಬಿಳಿಜೋಳ, ಕಡಲೆ ಹೊಲ. ಪಕ್ಕದ ಹೊಲದವರು ಹಸಿ ಕಡಲೆ ಗಿಡ ಕಿತ್ತು ತಂದು ಬೆಂಕಿಯಲ್ಲಿ ಸುಟ್ಟು ಕೊಟ್ಟರು. ಮಕ್ಕಳ ಕೈ, ಬಾಯಿ, ಮೂಗು ಎಲ್ಲ ಕಪ್ಪು.

“ಅಜ್ಜಾ, ನಿಮ್ಮ ಆ ಬಂಡಿ ಇಲ್ಲೇ ನಿಲ್ಲತಿತ್ತಾ? ಈಗ ಎಲ್ಲದ?” ಮೊಮ್ಮಗಳು ಕೇಳಿದಳು.

“ಮಾರಿದ್ರವ್ವಾ” ಎಂದೆ. ಮುಂದೆ ಹೇಳಲಿಲ್ಲ. ನಮ್ಮ ಮನೆಯವರು ನನ್ನ ಮುಖ ನೋಡಿ ಸುಮ್ಮನಾದರು.

ಮರುದಿನ ಕುಷ್ಟಗಿ. ಸೊಲ್ಲಾಪುರದಿಂದ ಚಿತ್ರದುರ್ಗದ ಕಡೆ ಹೋಗುವ ಹೆದ್ದಾರಿಯ ಊರು. ನಾನು ಗುಮಾಸ್ತನಾಗಿದ್ದಾಗ ಇದು ಕಿರಿದಾದ ರಸ್ತೆ. ಇಳಕಲ್ಲಿನ ಕಡೆಯಿಂದ ಕಲ್ಲು ಹೇರಿದ ಲಾರಿ ಬಂದರೆ ಬ್ಯಾಂಕಿನ ಕಿಟಕಿ ನಡುಗುತ್ತಿತ್ತು. ಈಗ ನಾಲ್ಕು ಪಥ. 2025ರಲ್ಲಿ ರೈಲೂ ಬಂದಿದೆ. ತಳಕಲ್‌ನಿಂದ ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಗೆ. ನಿಲ್ದಾಣಕ್ಕೆ ಹೋಗಿ ಹಳಿ ನೋಡಿಯೇ ಬಂದೆ. ರೈಲಿನ ಮಾತು ಕೇಳುತ್ತಲೇ ನಮ್ಮ ವಾರಿಗೆಯವರ ತಲೆ ಬೆಳ್ಳಗಾಗಿತ್ತು. ಆಮೇಲೆ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ತಿಂದೆವು. ಅಮೆರಿಕದವನು ಮೊದಲ ಮಿರ್ಚಿಗೆ ಕಣ್ಣೀರು ಹಾಕಿ, ಎರಡನೆಯದಕ್ಕೆ ಕೈ ಚಾಚಿದ.

ಅಲ್ಲಿಂದ ಕನಕಗಿರಿ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನನ್ನ ಮೊಣಕಾಲಿಗೆ ಕನಕಗಿರಿಯೇ ಸರಿ. ಕನಕಾಚಲಪತಿ ಗುಡಿಯ ಕಂಬಗಳ ನಡುವೆ ತಂಪಾಗಿ ಕುಳಿತೆ.

ಗಂಗಾವತಿ ಕಡೆ ಇಳಿದಂತೆ ನೆಲದ ಬಣ್ಣವೇ ಬದಲು. ನಮ್ಮ ಕಡೆ ಎರೆಭೂಮಿ, ಮಳೆ ನಂಬಿದ ಬೇಸಾಯ. ಇಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿ. ಒಂದೇ ಜಿಲ್ಲೆಯಲ್ಲಿ ರೊಟ್ಟಿಯ ಸೀಮೆ ಒಂದು, ಅನ್ನದ ಸೀಮೆ ಒಂದು. ಪರಿಚಯದವರ ಗದ್ದೆಯ ಪಕ್ಕ ತಾಡಪತ್ರಿ ಹಾಸಿದೆವು. ಸೊಳ್ಳೆಗಳು ನಮ್ಮನ್ನು ನಿಲ್ಲಗೊಡಲಿಲ್ಲ. ಆರು ಜನವೂ ಕ್ರೂಸರಿನೊಳಗೆ ಕಿಟಕಿ ಏರಿಸಿಕೊಂಡು ಕುಳಿತೇ ನಿದ್ದೆ ಮಾಡಿದೆವು. ಸೊಳ್ಳೆಪರದೆ ಮರೆತದ್ದು ನನ್ನದೇ ತಪ್ಪು.

ಮೂರನೆಯ ದಿನ ನಸುಕಿನಲ್ಲಿ ಹಿರೇಬೆಣಕಲ್. ಬಂಡೆಗಳ ನಡುವೆ ಗುಡ್ಡ ಹತ್ತಬೇಕು. ನಾನೂ ನಮ್ಮ ಮನೆಯವರೂ ಕೆಳಗೇ ಉಳಿದೆವು. ಅಣ್ಣನ ಮಗ, ಸೊಸೆ ಇಬ್ಬರೂ ಮಕ್ಕಳನ್ನು ಕರೆದುಕೊಂಡು ಹೋದರು. ಮೇಲೆ ಕಲ್ಲಿನ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಸಣ್ಣ ಮನೆಗಳಂಥವು ಸುಮಾರು ನಾನೂರು ಇವೆ. ಕೆಲವಕ್ಕೆ ದುಂಡನೆಯ ಕಿಂಡಿ. ಜನ ಮೊರೇರ ಮನೆ ಎನ್ನುತ್ತಾರೆ. ಮೊರೇರು ಎಂಬ ಕುಳ್ಳ ಜನ ಅಲ್ಲಿದ್ದರೆಂಬ ಕಥೆ. ಆದರೆ ಅವು ಕಬ್ಬಿಣದ ಯುಗದವರು ತಮ್ಮ ಸತ್ತವರಿಗಾಗಿ ಕಟ್ಟಿದ ಸಮಾಧಿಗಳು. ಒಂದು ಎತ್ತರದ ಬಂಡೆಯ ಮೇಲೆ ನಗಾರಿಯಾಕಾರದ ಕಲ್ಲೂ ಇದೆ. 2021ರಲ್ಲಿ ಈ ಜಾಗ ಯುನೆಸ್ಕೊದ ಸಂಭಾವ್ಯ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿತು.

ಇಳಿದು ಬಂದ ಮೊಮ್ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಜ್ಜಾ, ಅವ್ರ ಊರು ಎಲ್ಲಿತ್ತೋ ಗೊತ್ತಾಗಂಗಿಲ್ಲ. ಅಪ್ಪ ಅವ್ವಗ ಕಟ್ಟಿದ್ದು ಮಾತ್ರ ಉಳದದ” ಎಂದ. ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು.

ಸಂಜೆಗೆ ಹುಲಿಗಿ. ತುಂಗಭದ್ರೆಯ ದಂಡೆ. ಹುಣ್ಣಿಮೆಗೆ ಬಂದವರು ಬಯಲು ತುಂಬ ಇಳಿದುಕೊಂಡಿದ್ದರು. ಹೆಚ್ಚಿನವರು ಟ್ರ್ಯಾಕ್ಟರ್ ಟ್ರಾಲಿಗೆ ತಾಡಪತ್ರಿ ಕಟ್ಟಿಕೊಂಡು ಬಂದಿದ್ದರು. ಮೂರು ಕಲ್ಲಿನ ಒಲೆ, ಹೊಗೆ, ಕೂಸುಗಳ ಅಳು. ನಡುವೆ ಒಂದೇ ಒಂದು ಎತ್ತಿನ ಬಂಡಿ, ಕಮಾನು ಕಟ್ಟಿದ್ದು. ಅದರ ಪಕ್ಕದಲ್ಲೇ ಗಾಡಿ ನಿಲ್ಲಿಸು ಎಂದೆ.

ಬೆಳದಿಂಗಳು ಹೊಳೆಯ ಮೇಲೆ ಬಿದ್ದ ಮೇಲೆ ಮಕ್ಕಳಿಬ್ಬರನ್ನೂ ಹತ್ತಿರ ಕೂರಿಸಿಕೊಂಡು ಬಂಡಿಯ ಕಥೆ ಹೇಳಿದೆ. ನಾನು ಬಿ.ಕಾಂ. ಸೇರಬೇಕೆಂದಾಗ ಹುಬ್ಬಳ್ಳಿಯ ಕಾಲೇಜಿಗೂ ರೂಮಿಗೂ ರೊಕ್ಕವಿರಲಿಲ್ಲ. ಅಪ್ಪ ಸಂತೆಗೆ ಹೋಗಿ ಜೋಡೆತ್ತು, ಬಂಡಿ ಎರಡನ್ನೂ ಮಾರಿ ನಡೆದುಕೊಂಡು ಮನೆಗೆ ಬಂದ. ಆಮೇಲೆ ಅವನೂ ಅವ್ವನೂ ಹುಲಿಗಿಗೆ ನಡೆದೇ ಹೋಗುತ್ತಿದ್ದರು. ನನಗೆ ನೌಕರಿ ಸಿಕ್ಕಿತು. ಬಂಡಿ ಕೊಡಿಸುತ್ತೇನೆ ಎಂದರೆ ಅಪ್ಪ, “ಇನ್ನ ಎತ್ತು ಮೇಸಾವ್ರು ಯಾರಪ್ಪಾ” ಎಂದ. ಅವ್ವ ಒಂದನ್ನು ಮಾತ್ರ ಕೇಳಿದಳು. “ಬನದ ಹುಣ್ಣಿಮಿಗೆ ಒಂದ್ ರಾತ್ರಿ ನಮ್ ಕೂಡ ಹೊಳಿದಂಡ್ಯಾಗ ಮಲಗಾಕ ಬಾ.”

ಆಗ ಬ್ಯಾಂಕುಗಳ ವರ್ಷದ ಲೆಕ್ಕ ಮುಗಿಯುತ್ತಿದ್ದದ್ದು ಡಿಸೆಂಬರ್ 31ಕ್ಕೆ. ಜನವರಿಯಲ್ಲಿ ನಮಗೆ ತಲೆ ಎತ್ತಲು ಪುರಸೊತ್ತಿಲ್ಲ. ಬನದ ಹುಣ್ಣಿಮೆ ಹೆಚ್ಚಾಗಿ ಆಗಲೇ ಬರುವುದು. “ಕ್ಲೋಸಿಂಗ್ ಐತಿ ಅವ್ವಾ, ಮುಂದಿನ ವರ್ಷ” ಎಂದು ಪ್ರತಿ ವರ್ಷ ಹೇಳಿದೆ. ಮುಂದೆ ಬ್ಯಾಂಕಿನ ವರ್ಷಾಂತ್ಯ ಮಾರ್ಚಿಗೆ ಹೋಯಿತು. ಅಷ್ಟರಲ್ಲಿ ಅವ್ವ ಇರಲಿಲ್ಲ.

ಈ ಮಾತನ್ನು ನಾನು ನನ್ನ ಮಗನಿಗೂ ಹೇಳಿರಲಿಲ್ಲ. ಮೊಮ್ಮಗಳು ನನ್ನ ಕೈ ಹಿಡಿದು ಕುಳಿತಳು. ಮೊಮ್ಮಗ ಎದ್ದು ಹೋಗಿ ಪಕ್ಕದ ಬಂಡಿಯ ಮುತ್ತ್ಯಾನ ಮುಂದೆ ನಿಂತ. ತನ್ನ ಅರೆಬರೆ ಕನ್ನಡದಲ್ಲಿ ಏನೋ ಕೇಳಿದ. ಮುತ್ತ್ಯಾ ನಕ್ಕು ನನ್ನ ಕಡೆ ಕೈ ಬೀಸಿ, “ಬರ್ರೀ ಗೌಡ್ರ, ನಿಮ್ ಹುಡುಗ ಅಜ್ಜಗ ಜಾಗಾ ಕೇಳಾಕತ್ಯಾನ. ನಮಗ ಹೊರಗ ಸೆಕಿ ಇಲ್ಲ, ನೀವು ಒಳಗ ಮಲಕೊಳ್ರಿ” ಎಂದ.

ಬಂಡಿಯೊಳಗೆ ಒಣಹುಲ್ಲಿನ ವಾಸನೆ. ಹೊರಗೆ ಎತ್ತುಗಳು ಮೆಲುಕು ಹಾಕುವ ಸದ್ದು, ನಡುನಡುವೆ ಕೊರಳ ಗೆಜ್ಜೆ. ಎರಡೂ ಕಡೆ ಮಕ್ಕಳು ಮಲಗಿದರು. ಕಾಲು ಚಾಚಲು ಜಾಗವಿರಲಿಲ್ಲ. ಬೆಳಗಿನ ತನಕ ನನಗೆ ನಿದ್ದೆ ಬರಲಿಲ್ಲ. ಬರಬೇಕೆಂದೂ ಅನಿಸಲಿಲ್ಲ. ಅವ್ವ ಕರೆದ ರಾತ್ರಿಗೆ ಐವತ್ತು ವರ್ಷ ತಡವಾಗಿ ಬಂದಿದ್ದೆ.

ಮರುದಿನ ಕೊಪ್ಪಳಕ್ಕೆ ಮರಳುವಾಗ ಗವಿಮಠದ ಜಾತ್ರೆಯ ದಾಸೋಹಕ್ಕೆಂದು ಹಳ್ಳಿಗಳಿಂದ ರೊಟ್ಟಿ ಹೇರಿಕೊಂಡು ಬರುವ ಗಾಡಿಗಳು ದಾರಿಯುದ್ದಕ್ಕೂ ಸಿಕ್ಕವು. ಮೊಮ್ಮಗ ಕಿಟಕಿಯಿಂದ ಎಣಿಸುತ್ತಲೇ ಇದ್ದ.

ನನ್ನ ವಾರಿಗೆಯ ಹಿರಿಯರೇ, ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ. ಗುಳಿಗೆ, ಸೊಳ್ಳೆಪರದೆ ಮರೆಯಬೇಡಿ. ಹೊಳೆಗೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಉಳಿದ ಮೂಟೆಯಲ್ಲಿ ನಿಮ್ಮ ಕಸವನ್ನೂ ಕಟ್ಟಿಕೊಂಡು ಬನ್ನಿ. ಮಕ್ಕಳೇ, ಮನೆಯ ಹಿರಿಯರು ಎಲ್ಲಿಗಾದರೂ ಬಾ ಎಂದರೆ, ಮುಂದಿನ ವರ್ಷ ಎನ್ನಬೇಡಿ. ಪರೀಕ್ಷೆ ಮತ್ತೆ ಬರುತ್ತದೆ, ಕ್ಲೋಸಿಂಗೂ ಮತ್ತೆ ಬರುತ್ತದೆ.