ಉಪವಿಷಯದ ಋಣ

ಪದವಿ ತರಗತಿಯ ವ್ಯಾಸಂಗದಲ್ಲಿ ಪ್ರಧಾನ ವಿಷಯಕ್ಕೆ ಸಲ್ಲುವ ಗೌರವ ಉಪವಿಷಯಕ್ಕೆ ಸಲ್ಲುವುದು ವಿರಳ. ಪ್ರಧಾನ ವಿಷಯವನ್ನು ಜೀವನೋಪಾಯದ ದಾರಿಯೆಂದು ಬಗೆಯುವ ನಾವು ಉಪವಿಷಯವನ್ನು ಪರೀಕ್ಷೆ ಮುಗಿಯುವವರೆಗೆ ಹೊರಬೇಕಾದ ಹೊರೆಯೆಂದು ಎಣಿಸುವುದುಂಟು. ಈ ಸಂಸ್ಥೆಯ ಪ್ರೌಢಶಾಲೆಯಲ್ಲಿ ಕಲಿತು, ಮುಂದೆ ಮೈಸೂರಿನಲ್ಲಿ ಬಿ.ಎ. ತರಗತಿಗೆ ಸೇರಿದಾಗ, ನಾನು ಇತಿಹಾಸವನ್ನು ಪ್ರಧಾನವಾಗಿಯೂ ಪತ್ರಿಕೋದ್ಯಮವನ್ನು ಉಪವಿಷಯವಾಗಿಯೂ ಆರಿಸಿಕೊಂಡೆನು. ಊರಿನ ಹಿರಿಯರೆಲ್ಲರೂ ಕೇಳಿದ ಪ್ರಶ್ನೆ ಒಂದೇ: "ಹಾಗಾದರೆ ಪತ್ರಿಕಾ ಕಚೇರಿ ಸೇರುವೆಯೋ?" ನಾನು ಸೇರಲಿಲ್ಲ. ಪ್ರೌಢಶಾಲೆಯೊಂದರಲ್ಲಿ ಇತಿಹಾಸವನ್ನು ಬೋಧಿಸುತ್ತಲೇ ನಿವೃತ್ತನಾದೆನು. ಆದರೂ ಆ ಉಪವಿಷಯದ ಋಣವನ್ನು ಈ ಸಂಚಿಕೆಯ ಮೂಲಕ ಸ್ಮರಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಈ ಆಯ್ಕೆಗೆ ಒಂದು ಪೂರ್ವಕಾರಣವಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳು ಪ್ರಸಾರವಾದವು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಇದರಲ್ಲಿ ಸೇರಿದ್ದವು. ನಮ್ಮ ಊರಿನ ಶಾಲೆಯ ಮುಂದೆಯೂ ತಂತಿಬಲೆಯ ಒಂದು ದೊಡ್ಡ ಬಟ್ಟಲು ಆಕಾಶವನ್ನು ನೋಡುತ್ತ ನಿಂತಿತು. ಸಂಜೆಯಾದೊಡನೆ ಊರೇ ಅಲ್ಲಿ ನೆರೆಯುತ್ತಿತ್ತು. ಕೃಷಿಯ ಮಾತು ಬಂದಾಗ ನನ್ನ ತಂದೆಯವರು ಗಮನವಿಟ್ಟು ಕೇಳುತ್ತಿದ್ದರು. ಮುಗಿದ ಮೇಲೆ, "ಮಾತು ಕೇಳಿಸಿತು, ನಮ್ಮ ಹೊಲಕ್ಕೆ ಮುಟ್ಟಲಿಲ್ಲ" ಎನ್ನುತ್ತಿದ್ದರು. ಕೇಳಿಸುವುದಕ್ಕೂ ಮುಟ್ಟುವುದಕ್ಕೂ ಇರುವ ಈ ಅಂತರವೇನೆಂಬ ಕುತೂಹಲ ನನ್ನಲ್ಲಿ ಉಳಿಯಿತು. ಅದನ್ನು ಶಾಸ್ತ್ರೀಯವಾಗಿ ವಿವೇಚಿಸುವ ಒಂದು ವಿಷಯವಿದೆಯೆಂದು ತಿಳಿದದ್ದು ಕಾಲೇಜಿನಲ್ಲಿ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮದ ಬೋಧನೆ ಆರಂಭವಾದದ್ದು 1951ರಲ್ಲಿ, ಮಹಾರಾಜ ಕಾಲೇಜಿನಲ್ಲಿ. ಪದವಿ ತರಗತಿಯ ಇತರ ವಿಷಯಗಳ ಜೊತೆಗೆ ಕಲಿಯುವ ಐಚ್ಛಿಕ ವಿಷಯವಾಗಿಯೇ ಅದು ಅಲ್ಲಿ ಕಾಲಿಟ್ಟಿತು. ನಾಡಿಗ ಕೃಷ್ಣಮೂರ್ತಿಯವರು ಅದನ್ನು ಅಕ್ಕರೆಯಿಂದ ಬೆಳೆಸಿದರು. ಹೀಗೆ ಮತ್ತೊಂದು ವಿದ್ಯೆಯ ಪಕ್ಕದಲ್ಲಿ ನಿಲ್ಲುವುದು ಈ ವಿಷಯದ ಸಹಜ ಗುಣವೆಂದೇ ಹೇಳಬಹುದು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರತಂದ ಹೆರ್ಮನ್ ಮೋಗ್ಲಿಂಗ್ ವೃತ್ತಿಯಿಂದ ಬಾಸೆಲ್ ಮಿಶನ್ನಿನ ಪಾದ್ರಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಸ್ಥಾಪಿಸಿ 'ಆಕಾಶವಾಣಿ'ಯನ್ನು ಮೊಳಗಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರು ನಿಂತಿತು. ಬೇರೊಂದು ವಿದ್ಯೆಯಲ್ಲಿ ಬೇರೂರಿದವರ ಕೈಯಲ್ಲಿ ನಮ್ಮ ನಾಡಿನ ಮಾಧ್ಯಮಗಳು ಚಿಗುರಿದವೆಂಬುದಕ್ಕೆ ಇವೆರಡು ನಿದರ್ಶನಗಳು ಸಾಕು.

ತರಗತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಅಮೆರಿಕದ ವಿದ್ವಾಂಸ ಹೆರಾಲ್ಡ್ ಲಾಸ್ವೆಲ್ 1948ರಲ್ಲಿ ನಿರೂಪಿಸಿದ ಸೂತ್ರ. ಯಾವ ಸಂದೇಶವಾದರೂ ಸರಿ, ಹೇಳಿದವರು, ಹೇಳಿದ ವಿಷಯ, ಸಾಗಿಬಂದ ಮಾರ್ಗ, ಕೇಳಿದವರು, ಉಂಟಾದ ಪರಿಣಾಮ ಈ ಐದನ್ನೂ ಬಿಡಿಬಿಡಿಯಾಗಿ ಪರಿಶೀಲಿಸಬೇಕೆಂಬುದು ಅದರ ಸಾರ. ಕೇಳುವುದಕ್ಕೆ ಸರಳವಾದ ಈ ಮಾತು ಇತಿಹಾಸದ ಅಧ್ಯಾಪಕನಾದ ನನಗೆ ಜೀವನಪರ್ಯಂತ ದೀಪವಾಯಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನೇ ನೋಡಿರಿ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಹಾಗೂ ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಬಳಿಕ ಚಕ್ರವರ್ತಿಯ ಮಾತನ್ನು ತಿಳಿಸುವಂತೆ ಅದು ಆರಂಭವಾಗುತ್ತದೆ. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. ಕೊನೆಯಲ್ಲಿ ಬರೆದವನಾದ ಚಪಡನ ಹೆಸರಿದ್ದು, ಲಿಪಿಕಾರನೆಂಬ ಮಾತು ಮಾತ್ರ ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿದೆ. ಈ ಪಾಠವನ್ನು ಮಾಡುವಾಗಲೆಲ್ಲ ನಾನು ಮಕ್ಕಳನ್ನು ಕೇಳುತ್ತಿದ್ದೆನು: ಈ ಮಾತು ಎಷ್ಟು ಕೈಗಳನ್ನು ದಾಟಿ ಬಂದಿತು? ಬಂಡೆಯ ಬಳಿ ದನ ಮೇಯಿಸುತ್ತಿದ್ದವನಿಗೆ ಇದು ತಿಳಿದಿರಬಹುದೇ? ಯಾರಾದರೂ ಓದಿ ಹೇಳಿರಬೇಕಲ್ಲವೇ? ಇಸವಿಗಳನ್ನು ಕಂಠಪಾಠ ಮಾಡಲು ಬೇಸರಪಡುತ್ತಿದ್ದ ಮಕ್ಕಳು ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಪೈಪೋಟಿ ನಡೆಸುತ್ತಿದ್ದರು.

ಉಪವಿಷಯ ಕಲಿಸಿದ ಎರಡನೆಯ ಪಾಠವೆಂದರೆ, ಹೇಳಿದ್ದನ್ನು ಓದುವಷ್ಟೇ ಎಚ್ಚರದಿಂದ ಹೇಳದೆ ಬಿಟ್ಟದ್ದನ್ನೂ ಗಮನಿಸಬೇಕೆಂಬುದು. ಒಂದೇ ದಿನದ ಎರಡು ಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು, ಒಂದರಲ್ಲಿ ಮುಖಪುಟದಲ್ಲಿದ್ದ ಸುದ್ದಿ ಇನ್ನೊಂದರಲ್ಲಿ ಎಲ್ಲಿದೆ, ಸುದ್ದಿ ಎಲ್ಲಿ ಮುಗಿದು ಅಭಿಪ್ರಾಯ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆದು ತೋರಿಸುವುದು ನಮ್ಮ ವಾರದ ಅಭ್ಯಾಸವಾಗಿತ್ತು. ಅಂದು ಅದು ಅಂಕಗಳಿಗಾಗಿ ಮಾಡಿದ ಕೆಲಸ. ಅದು ಪ್ರಾಣದ ಪ್ರಶ್ನೆಯೂ ಆಗಬಲ್ಲದೆಂಬುದನ್ನು 2018ರಲ್ಲಿ ಕಂಡೆವು.

ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸಾಪ್ ಮೂಲಕ ದೇಶದ ಹಲವೆಡೆ ಹಬ್ಬಿತು. ಅದರೊಡನೆ, ಮೋಟಾರ್ ಸೈಕಲ್ ಮೇಲೆ ಬಂದವರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಒಂದು ಹರಿದಾಡಿತು. ಅದು ವಾಸ್ತವವಾಗಿ ಮಕ್ಕಳ ರಕ್ಷಣೆಯ ಅರಿವಿಗಾಗಿ ಪಾಕಿಸ್ತಾನದ ಕರಾಚಿಯಲ್ಲಿ ತಯಾರಿಸಿದ ಚಿತ್ರ. ಮಗುವನ್ನು ಹಿಂದಿರುಗಿಸಿ ಎಚ್ಚರಿಕೆಯ ಫಲಕವನ್ನು ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ಜುಲೈ ತಿಂಗಳಲ್ಲಿ, ನಮ್ಮದೇ ಸೀಮೆಯ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣದಿಂದ ಶಂಕೆಗೆ ಗುರಿಯಾದವರ ಮೇಲೆ ಗುಂಪು ಎರಗಿತು. ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಅವರ ಕುರಿತ ಸಂದೇಶ ಕೈಯಿಂದ ಕೈಗೆ ಹಾರಿ, ಅವರ ವಾಹನಕ್ಕಿಂತ ಮುಂದಾಗಿ ಆ ಊರನ್ನು ಮುಟ್ಟಿತ್ತು. ಅದನ್ನು ಕಳುಹಿಸಿದವರಲ್ಲಿ ಬಹುಮಂದಿ ಅಕ್ಷರಸ್ಥರೇ ಆಗಿದ್ದಿರಬೇಕು. ಇದು ಬಂದದ್ದು ಎಲ್ಲಿಂದ, ಇದನ್ನು ಕಣ್ಣಾರೆ ಕಂಡವರು ಯಾರು, ಬಿಟ್ಟುಹೋದ ಭಾಗವೇನು ಎಂದು ಕೇಳುವ ಅಭ್ಯಾಸವನ್ನು ಅವರ ವಿದ್ಯೆ ಅವರಿಗೆ ಕೊಟ್ಟಿರಲಿಲ್ಲ.

ಆದ್ದರಿಂದಲೇ ಈ ವಿಷಯ ಪತ್ರಕರ್ತರಾಗುವವರಿಗಿಂತಲೂ ಆಗದಿರುವವರಿಗೆ ಹೆಚ್ಚು ಅವಶ್ಯಕವೆಂದು ನಾನು ನಂಬುತ್ತೇನೆ. ಪತ್ರಕರ್ತನನ್ನು ತಿದ್ದಲು ಸಂಪಾದಕನಿದ್ದಾನೆ. ವೈದ್ಯ, ರೈತ, ವ್ಯಾಪಾರಿ, ಗೃಹಿಣಿ ಇವರೆಲ್ಲರೂ ಇಂದು ಅಂಗೈಯಲ್ಲಿ ಮುದ್ರಣಾಲಯವನ್ನು ಹಿಡಿದಿದ್ದಾರೆ, ಅವರನ್ನು ತಿದ್ದುವವರಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಯ 120 ಕ್ರೆಡಿಟ್‌ಗಳಲ್ಲಿ 24ನ್ನು ಉಪವಿಷಯಕ್ಕೆ, ಅಂದರೆ ಮೈನರಿಗೆ, ಮೀಸಲಿಟ್ಟಿದೆ. ನಮ್ಮ ರಾಜ್ಯವು 2021ರಲ್ಲಿ ಅಳವಡಿಸಿಕೊಂಡ ನಾಲ್ಕು ವರ್ಷದ ಪದವಿಯ ಕ್ರಮವನ್ನು 2024ರಲ್ಲಿ ಕೈಬಿಟ್ಟಿತು. ವ್ಯವಸ್ಥೆಗಳು ಹೀಗೆ ಬದಲಾಗುತ್ತಲೇ ಇರುತ್ತವೆ. ಯಾವ ವ್ಯವಸ್ಥೆಯಲ್ಲಾದರೂ ಸರಿ, ವಿಜ್ಞಾನ ಓದುವವನಿಗೂ ವಾಣಿಜ್ಯ ಓದುವವಳಿಗೂ ಈ ಐದನೆಯ ಒಂದು ಭಾಗದಲ್ಲಿ ಸಂವಹನವನ್ನು ಆರಿಸಿಕೊಳ್ಳುವ ಅವಕಾಶವಿರಲಿ.

ಅಧ್ಯಾಪಕ ಮಿತ್ರರಲ್ಲಿಯೂ ದಾನಿಗಳಲ್ಲಿಯೂ ನನ್ನದೊಂದು ಸಣ್ಣ ವಿನಂತಿಯಿದೆ. ಇದಕ್ಕೆ ಕಟ್ಟಡ ಬೇಕಿಲ್ಲ, ಯಂತ್ರ ಬೇಕಿಲ್ಲ. ನಮ್ಮ ಶಾಲೆಯ ವಾಚನಾಲಯಕ್ಕೆ ದಿನವೂ ಎರಡು ಭಿನ್ನ ಪತ್ರಿಕೆಗಳು ಬರಲಿ; ವಾರಕ್ಕೊಂದು ಅವಧಿಯಲ್ಲಿ ಮಕ್ಕಳು ಅವುಗಳನ್ನು ಹೋಲಿಸಿ ಓದಲಿ; ತಮ್ಮ ಊರಿನ ಸುದ್ದಿಯನ್ನು ತಾವೇ ವಿಚಾರಿಸಿ ಗೋಡೆಪತ್ರಿಕೆಗೆ ಬರೆಯಲಿ. ಎರಡು ಪತ್ರಿಕೆಗಳ ಪೈಕಿ ಒಂದರ ಚಂದಾ ಹಣವನ್ನು ನಾನು ಬದುಕಿರುವವರೆಗೆ ಕಳುಹಿಸುತ್ತೇನೆ. ಇನ್ನೊಂದರ ಭಾರವನ್ನು ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ವಹಿಸಿಕೊಳ್ಳುವರೆಂದು ನಂಬಿದ್ದೇನೆ.