ತುಂಗೆಯ ಪಕ್ಕದ ಹೆರಿಗೆ ದಾರಿ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ರಸ್ತೆಯನ್ನು ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ. ಆಗುಂಬೆಯ ಸೂರ್ಯಾಸ್ತ ನೋಡಲಿಕ್ಕೆಂದೋ, ಶೃಂಗೇರಿಯ ಶಾರದೆಯ ದರ್ಶನಕ್ಕೆಂದೋ ಬಸ್ಸಿನ ಕಿಟಕಿ ಪಕ್ಕ ಕೂತು, ಮಡಿಲಲ್ಲಿ ಚಕ್ಕುಲಿ ಡಬ್ಬಿ ಇಟ್ಟುಕೊಂಡು ಹೋಗಿರುತ್ತೀರಿ. ಸುಮಾರು 60 ಕಿಲೋಮೀಟರಿನ ದಾರಿ. ಅಡಿಕೆ ತೋಟ, ಗದ್ದೆ, ಕಾಡು, ಅಲ್ಲಲ್ಲಿ ಮರಗಳ ಸಂದಿಯಿಂದ ಇಣುಕುವ ತುಂಗೆ. ನೋಡಲಿಕ್ಕೆ ಬಲು ಚೆಂದ.

ಆದರೆ ನಮ್ಮ ಕಡೆಯ ಹೆಂಗಸರಿಗೆ ಈ ದಾರಿ ಇನ್ನೊಂದು ಕಾರಣಕ್ಕೂ ಗೊತ್ತು. ಚೊಚ್ಚಲು ಹೆರಿಗೆ ಕಷ್ಟವಾದರೆ ನಮ್ಮನ್ನು ಕರೆದೊಯ್ಯುವುದು ಈ ದಾರಿಯಲ್ಲೇ. ನಾನು ಇದರಲ್ಲಿ ಅಂಥ ಪ್ರಯಾಣ ಎರಡು ಸಲ ಮಾಡಿದ್ದೇನೆ. 1986ರಲ್ಲಿ ಬ್ಯಾನೆ ತಿನ್ನುತ್ತಿದ್ದವಳು ನಾನೇ. 2018ರಲ್ಲಿ ನನ್ನ ಮಗಳು. ಎರಡೂ ಸಲ ಆಗಸ್ಟ್ ತಿಂಗಳು, ಎರಡೂ ಸಲ ಮಳೆ. ಬನ್ನಿ, ಈ ಸಲ ಆ ದಾರಿಯಲ್ಲಿ ನಿಮ್ಮನ್ನೂ ಕರೆದುಕೊಂಡು ಹೋಗುತ್ತೇನೆ.

ಶುಕ್ರವಾರ ಸಂಜೆ 7 ಗಂಟೆ

ಮಗಳು ಬೆಂಗಳೂರಿನಲ್ಲಿರುವವಳು. ಏಳನೇ ತಿಂಗಳಿಗೆ ತವರಿಗೆ ಬಂದಿದ್ದಳು. ಆ ಸಂಜೆ ಒಲೆಯ ಮುಂದೆ ಕೂತು ಕಡುಬು ತಿನ್ನುತ್ತಿದ್ದವಳು ತಟ್ಟೆ ಬಿಟ್ಟು ಸೊಂಟ ಹಿಡಿದುಕೊಂಡಳು. ಅರ್ಧ ಗಂಟೆಗೊಮ್ಮೆ ಬರುತ್ತಿದ್ದ ನೋವು ಒಂಬತ್ತರ ಹೊತ್ತಿಗೆ ಹತ್ತು ನಿಮಿಷಕ್ಕೊಮ್ಮೆ ಬರತೊಡಗಿತು. ಚೀಲ ಸಿದ್ಧವಿತ್ತು. ಪೇಟೆಯ ಸರ್ಕಾರಿ ಆಸ್ಪತ್ರೆಗೆ ಹೋದೆವು.

ದಾದಿ ಪರೀಕ್ಷೆ ಮಾಡಿ, "ಗರ್ಭಕೋಶದ ಬಾಯಿ 2 ಸೆಂಟಿಮೀಟರ್ ತೆರೆದಿದೆಯಮ್ಮಾ, 10 ಆಗಬೇಕು. ನಿಧಾನ ಇದೆ, ಓಡಾಡಲಿ" ಎಂದರು. ನನಗೆ ಎದೆ ಝಲ್ಲೆಂದಿತು. "ಚೊಚ್ಚಲು ಅಲ್ದಾ, ನಿಧಾನ" ಎಂಬ ಮಾತು ಕೇಳಿದರೆ ನನಗೆ ಹಾಗಾಗುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಮಳೆಗಾಲದ ಹೆರಿಗೆ ವಾರ್ಡನ್ನು ನೀವು ನೋಡಿದ್ದೀರಾ? ಕಿಟಕಿಯ ಸರಳಿಗೆಲ್ಲ ಕೊಡೆಗಳು ನೇತಾಡುತ್ತವೆ. ಹಗ್ಗದ ಮೇಲೆ ಒಣಗದ ಬಟ್ಟೆ. ಮಂಚದ ಕೆಳಗೆ ಫ್ಲಾಸ್ಕು, ಗಂಜಿ ಡಬ್ಬಿ, ಹಳೆ ಸೀರೆಯ ಗಂಟು. ಹೊರಗೆ ಕಾರಿಡಾರಿನಲ್ಲಿ ಅಳಿಯಂದಿರು, ಮಾವಂದಿರು, ಮಾತಿಲ್ಲದೆ ಗೋಡೆಗೊರಗಿ ನಿಂತಿರುತ್ತಾರೆ. ಒಳಗಿನ ಕೂಗಿಗೆ ಎಲ್ಲರೂ ಒಟ್ಟಿಗೆ ತಲೆ ಎತ್ತುತ್ತಾರೆ.

ನಮ್ಮ ಪಕ್ಕದ ಮಂಚಕ್ಕೆ ಹತ್ತೂವರೆಗೆ ಬಂದ ಹೆಂಗಸು ಎರಡು ಗಂಟೆಗೆಲ್ಲ ಹೆತ್ತಾಯಿತು. ಅವಳದು ಮೂರನೆಯದು. ಆಮೇಲೆ ಬಂದವಳೂ ಬೆಳಗಾಗುವುದರೊಳಗೆ ಹೆತ್ತಳು. ನನ್ನ ಮಗಳು ಮಾತ್ರ ಗೋಡೆ ಹಿಡಿದು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದಳು. ಬೆಳಿಗ್ಗೆ 6ಕ್ಕೆ 3 ಸೆಂಟಿಮೀಟರ್. ಹನ್ನೊಂದೂವರೆಗೆ 5.

ನಮ್ಮಂಥ ತಾಯಂದಿರು ಲೆಕ್ಕ ಹಾಕುವುದು ಮೊದಲ ನೋವಿನಿಂದ. ಆಸ್ಪತ್ರೆಯವರ ಲೆಕ್ಕ ಬೇರೆ. ಬಾಯಿ 5 ಸೆಂಟಿಮೀಟರ್ ಆಗುವ ತನಕದ್ದು ಹೆರಿಗೆಯ ಪೀಠಿಕೆ ಇದ್ದಂತೆ. ಅದು ಒಬ್ಬರಿಗೆ ನಾಲ್ಕು ಗಂಟೆ, ಇನ್ನೊಬ್ಬರಿಗೆ ಒಂದು ದಿನ, ಇಷ್ಟೇ ಎಂದು ಹೇಳಲಿಕ್ಕಾಗುವುದಿಲ್ಲ. 5 ದಾಟಿದ ಮೇಲೆ ನಿಜವಾದ ಓಟ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ ಪ್ರಕಾರ ಆ ಓಟ ಚೊಚ್ಚಲು ಬಸುರಿಗೆ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ, ಮುಂದಿನ ಹೆರಿಗೆಗಳಲ್ಲಿ 10 ಗಂಟೆ. ಗಂಟೆಗೊಂದು ಸೆಂಟಿಮೀಟರ್ ಆಗಲೇಬೇಕೆಂಬ ಹಳೆಯ ನಿಯಮವನ್ನೂ ಅವರು ಬಿಟ್ಟಿದ್ದಾರೆ. ಆದ್ದರಿಂದ ಮಗಳು ರಾತ್ರಿಯಿಡೀ ನರಳಿದರೂ ಅದು ತಡವಾದ ಹೆರಿಗೆ ಎಂದಾಗಿರಲಿಲ್ಲ. ಇದು ನನಗೆ ಗೊತ್ತಾದದ್ದು ಅರವತ್ತರ ಹತ್ತಿರದಲ್ಲಿ.

ಒಂದು ಹಾಳೆ, ಒಂದು ಗೆರೆ

ಮಧ್ಯಾಹ್ನ ಮೂರು ಗಂಟೆಗೆ ಇನ್ನೂ 6. ವೈದ್ಯೆ ಬಂದು ನೋಡಿದರು. "ಮಗುವಿನ ಎದೆಬಡಿತ ಚೆನ್ನಾಗಿದೆ. ಆದರೆ ಮಗು ತಾಯಿಯ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದೆ. ಅದಕ್ಕೇ ಸೊಂಟನೋವು ಜಾಸ್ತಿ, ಅದಕ್ಕೇ ನಿಧಾನ. ತಾನೇ ತಿರುಗಬಹುದು. ತಿರುಗದಿದ್ದರೆ ಆಪರೇಷನ್, ರಕ್ತ ಎರಡೂ ಕೈಗೆಟುಕುವಂತಿರಬೇಕು. ಬೆಳಕಿರುವಾಗಲೇ ಶಿವಮೊಗ್ಗಕ್ಕೆ ಹೊರಡಿ" ಎಂದರು.

ದಾದಿ ನನಗೊಂದು ಹಾಳೆ ತೋರಿಸಿದರು. ಮಕ್ಕಳ ಗಣಿತದ ಗ್ರಾಫ್ ಹಾಳೆಯಂಥದ್ದು. ಗರ್ಭಕೋಶದ ಬಾಯಿ ಎಷ್ಟು ತೆರೆಯಿತು, ಮಗುವಿನ ತಲೆ ಎಷ್ಟು ಇಳಿಯಿತು, ಎದೆಬಡಿತ ಎಷ್ಟು, ಎಲ್ಲ ಅದರಲ್ಲಿ ಚುಕ್ಕಿ ಚುಕ್ಕಿಯಾಗಿ ಇತ್ತು. ಪಾರ್ಟೋಗ್ರಾಫ್ ಎಂದು ಅದರ ಹೆಸರು. ಇದರ ಮೂಲ ಅಮೆರಿಕದ ಫ್ರೀಡ್‌ಮನ್ ಎಂಬ ವೈದ್ಯರು 1954ರಲ್ಲಿ ಬರೆದ ಗೆರೆ. ಆದರೆ ಅದನ್ನು ನಮ್ಮಂಥವರ ಕೆಲಸಕ್ಕೆ ತಂದವರು ಆಫ್ರಿಕದಲ್ಲಿದ್ದ ಫಿಲ್ಪಾಟ್ ಮತ್ತು ಕ್ಯಾಸಲ್. ಈಗಿನ ಜಿಂಬಾಬ್ವೆಯ ಸಣ್ಣ ಹೆರಿಗೆ ಕೇಂದ್ರಗಳಲ್ಲಿದ್ದ ದಾದಿಯರು ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಯಾವಾಗ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ತಿಳಿಯಲಿ ಅಂತ 1972ರಲ್ಲಿ ಅವರು ಎಚ್ಚರದ ಗೆರೆ ಒಂದನ್ನು, ಅದಕ್ಕೆ ನಾಲ್ಕು ಗಂಟೆ ಬಲಕ್ಕೆ ಕ್ರಮ ಕೈಗೊಳ್ಳುವ ಗೆರೆ ಒಂದನ್ನು ಎಳೆದರು. ಎಚ್ಚರದ ಗೆರೆ ದಾಟಿದವಳು ಹೊರಡಬೇಕು. ಎರಡನೆಯ ಗೆರೆ ಬರುವ ಮೊದಲು ದಾರಿ ಸವೆದಿರಬೇಕು. ನೋಡಿ, ಆ ನಾಲ್ಕು ಗಂಟೆಯಲ್ಲಿ ಪ್ರಯಾಣದ ಹೊತ್ತೂ ಸೇರಿದೆ!

1986ರಲ್ಲಿ ನಮ್ಮ ಹಳ್ಳಿಮನೆಯ ಬಾಣಂತಿ ಕೋಣೆಯಲ್ಲಿ ಅಂಥ ಹಾಳೆ ಇರಲಿಲ್ಲ.

ಮಂಡಗದ್ದೆ

ನಾಲ್ಕು ಗಂಟೆಗೆ 108 ಗಾಡಿ ಹೊರಟಿತು. ಮಗಳನ್ನು ಎಡಮಗ್ಗುಲಿಗೆ ಮಲಗಿಸಿದ್ದರು. ನಾನು ಅವಳ ಬೆನ್ನ ಹಿಂದೆ ಕೂತು, ಪ್ರತಿ ನೋವಿಗೂ ಸೊಂಟದ ಕೆಳಗೆ ಮುಷ್ಟಿಯಿಂದ ಒತ್ತಿ ಹಿಡಿಯುತ್ತಿದ್ದೆ. ದಾದಿ ಹೇಳಿಕೊಟ್ಟಿದ್ದು. ಹಾಗೆ ಒತ್ತಿದರೆ ಬೆನ್ನಿನ ನೋವು ಸ್ವಲ್ಪ ಹಗುರವಾಗುತ್ತದೆ. ನಿಮಗೂ ನೆನಪಿರಲಿ.

ತೂದೂರು ಹೋಯಿತು, ಮಾಳೂರು ಹೋಯಿತು. ರಸ್ತೆಯ ತಿರುವುಗಳಲ್ಲಿ "ಅಮ್ಮಾ, ಗಾಡಿ ನಿಲ್ಲಿಸಕ್ಕೆ ಹೇಳೇ" ಎಂದು ಅವಳು ಅಳುತ್ತಿದ್ದಳು. ಆಗ ಚಾಲಕ, "ಮಂಡಗದ್ದೆ ಬಂತಮ್ಮಾ, ಅರ್ಧ ದಾರಿ ಆಯ್ತು" ಎಂದರು.

ಮಂಡಗದ್ದೆ ಪಕ್ಷಿಗಳ ಊರು. ತುಂಗೆಯ ನಡುಗಡ್ಡೆಯ ಮರಗಳಿಗೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಮರಿ ಮಾಡಲಿಕ್ಕೆ ಬರುತ್ತವೆ. ಹೊಳೆ ತುಂಬಿ ಮರದ ಬುಡ ಮುಳುಗಿದ್ದರೆ ಮೇಲಿನ ಕೊಂಬೆಯೆಲ್ಲ ಬೆಳ್ಳಗೆ ಹೂಬಿಟ್ಟ ಹಾಗೆ ಕಾಣುತ್ತದೆ. ರಸ್ತೆಯ ಪಕ್ಕದಲ್ಲೇ ನಿಂತು ನೋಡಬಹುದು.

1986ರಲ್ಲಿ ನಾನೂ ಈ ಹಕ್ಕಿಗಳನ್ನು ಲಾರಿಯಿಂದ ನೋಡಿದ್ದೆ. ಎರಡು ದಿನ ಮನೆಯಲ್ಲೇ ಬ್ಯಾನೆ ತಿಂದಿದ್ದೆ. "ಚೊಚ್ಚಲು ಅಲ್ದಾ, ನಿಧಾನ" ಎಂದು ಅಜ್ಜಿ ಹೇಳುತ್ತಿದ್ದರು. ನೀರು ಒಡೆದಾಗ ಅದು ಹಸಿರು ಬಣ್ಣಕ್ಕಿತ್ತು. ಅದರ ಅರ್ಥ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳ್ಳ ಇಳಿಯಲಿ ಎಂದು ಕಾದೆವು, ಲಾರಿ ಸಿಗಲಿ ಎಂದು ಕಾದೆವು. ಮಂಡಗದ್ದೆಯ ಹತ್ತಿರ ನನಗೆ ತಿಳಿಯಿತು, ಹೊಟ್ಟೆಯೊಳಗೆ ಅಲುಗಾಟ ನಿಂತು ಬಹಳ ಹೊತ್ತಾಗಿದೆ ಅಂತ. ಯಾರಿಗೂ ಹೇಳಲಿಲ್ಲ. ಹಕ್ಕಿಗಳನ್ನೇ ನೋಡುತ್ತಾ ಕೂತೆ. ಗಂಡು ಮಗು ಅದು. ಅಜ್ಜಿಯನ್ನು ನಾನು ಎಂದೂ ಬೈಯಲಿಲ್ಲ. ಅವರು ಎಂಟು ಹೆತ್ತವರು, ತಮಗೆ ತಿಳಿದದ್ದನ್ನು ಹೇಳಿದರು.

2018ರ ಆ ಸಂಜೆ ಗಾಡಿಯಲ್ಲಿದ್ದ ದಾದಿ ಮಗಳ ಹೊಟ್ಟೆಯ ಮೇಲೆ ಒಂದು ಪುಟ್ಟ ಯಂತ್ರ ಇಟ್ಟರು. ಟಕಟಕಟಕ ಎಂದು ಕುದುರೆ ಓಡಿದ ಹಾಗೆ ಸದ್ದು. "140 ಇದೆಯಮ್ಮಾ. 110ರಿಂದ 160ರ ತನಕ ಇದ್ದರೆ ಸರಿ" ಎಂದರು. ನಾನು ಕಿಟಕಿಯ ಕಡೆ ನೋಡಲೇ ಇಲ್ಲ.

ಸಕ್ರೆಬೈಲು, ಗಾಜನೂರು, ಶಿವಮೊಗ್ಗ

ಶಿವಮೊಗ್ಗಕ್ಕೆ 14 ಕಿಲೋಮೀಟರ್ ಇರುವಾಗ ಸಕ್ರೆಬೈಲಿನ ಆನೆ ಬಿಡಾರ. ಬೆಳಗಿನ ಹೊತ್ತು ಆನೆಗಳು ಹೊಳೆಯಲ್ಲಿ ಸ್ನಾನ ಮಾಡುವುದನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಬರುವ ಜಾಗ. ಆನೆ ಮರಿಯನ್ನು ಹೊರುವುದು ಹೆಚ್ಚುಕಡಿಮೆ 22 ತಿಂಗಳು ಎಂದು ನಾನು ಮಗಳಿಗೆ ಹೇಳಿದೆ, ನಗಲಿ ಅಂತ. ಅವಳು ನನ್ನ ಕೈಯನ್ನು ಉಗುರು ನೆಡುವಂತೆ ಹಿಚುಕಿದಳು. ಅದೇ ಉತ್ತರ. ಗಾಜನೂರಿನ ಅಣೆಕಟ್ಟೆಯಲ್ಲಿ ಬಾಗಿಲು ತೆಗೆದು ನೀರು ಬಿಟ್ಟಿದ್ದರು. ಆ ಮೊರೆತ ಗಾಡಿಯೊಳಗೂ ಕೇಳಿಸಿತು.

ಐದೂವರೆಗೆ ಮೆಗ್ಗಾನ್ ಆಸ್ಪತ್ರೆ. ನನ್ನ ಕಾಲದಲ್ಲಿ ಹೆರಿಗೆ ಕೋಣೆಗೆ ಮನೆಯವರು ಕಾಲಿಡುವ ಹಾಗಿರಲಿಲ್ಲ. ಆದರೆ ಹೆರುವವಳ ಜೊತೆ ಮನೆಯ ಒಬ್ಬ ಹೆಂಗಸು ಇರಬಹುದೆಂದು ಸರ್ಕಾರಿ ಆಸ್ಪತ್ರೆಗಳಿಗೆ ಕೇಂದ್ರ ಸರ್ಕಾರ 2016ರಲ್ಲೇ ಸೂಚನೆ ಕೊಟ್ಟಿದೆ. ಆ ದಿನ ನನ್ನನ್ನು ಒಳಗೆ ಬಿಟ್ಟರು.

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಳಗೆ ಹೋದವಳೇ ವೈದ್ಯೆಯ ಕೈ ಹಿಡಿದು, "ಕೊಯ್ದು ತೆಗೆದುಬಿಡಿ ತಾಯಿ, ಕಾಯೋದು ಬೇಡ" ಎಂದು ಅತ್ತೆ. ಆ ಹುಡುಗಿಗೆ ನನ್ನ ಮಗಳ ವಯಸ್ಸೇ ಇರಬೇಕು. "ಅಮ್ಮಾ, ಮಗುವಿನ ಬಡಿತ ಸರಿಯಿದೆ, ತಾಯಿ ಸರಿಯಿದ್ದಾಳೆ, ಬಾಯಿ ತೆರೆಯುತ್ತಾ ಇದೆ. ಬೇಕಾದಾಗ ಒಂದು ನಿಮಿಷವೂ ಕಾಯುವುದಿಲ್ಲ. ಬೇಡದಿದ್ದಾಗ ಯಾಕೆ ಕೊಯ್ಯಲಿ?" ಎಂದಳು. ಮಗಳು ಹಲ್ಲು ಕಚ್ಚಿಕೊಂಡು, "ಅಮ್ಮಾ, ನೀನು ಸುಮ್ನಿರು. ಸೊಂಟ ಒತ್ತು" ಎಂದಳು. ಅಂದು ಅಜ್ಜಿ ಗಡಿಯಾರ ನೋಡದೆ ಕಾದರು. ಇಂದು ನಾನು ಬರೀ ಗಡಿಯಾರ ನೋಡಿ ಹೆದರಿದೆ. ಇಬ್ಬರೂ ಮಗುವಿನ ಬಡಿತ ಕೇಳಲಿಲ್ಲ.

ನೋವು ಬಲವಾಗಲೆಂದು ಡ್ರಿಪ್ ಹಾಕಿದರು, ಹನಿ ಎಣಿಸಿ. ಇಲ್ಲೊಂದು ಮಾತು. ನೋವು ಬೇಗ ಬರಲಿ ಎಂದು ಮನೆಯಲ್ಲಿ ಯಾರಿಂದಲಾದರೂ ಇಂಜೆಕ್ಷನ್ ಹಾಕಿಸಬೇಡಿ. ಅದೇ ಔಷಧಿ ಅಳತೆಯಿಲ್ಲದೆ ಒಳಗೆ ಹೋದರೆ ಗರ್ಭಕೋಶ ಹರಿಯಬಹುದು, ಮಗುವಿಗೆ ಉಸಿರು ಸಿಕ್ಕದೆ ಹೋಗಬಹುದು.

ಮಗಳನ್ನು ಒಮ್ಮೆ ಮಗ್ಗುಲಿಗೆ, ಒಮ್ಮೆ ಮಂಡಿಯೂರಿ ಮುಂದಕ್ಕೆ ಬಾಗುವಂತೆ ಮಾಡಿದರು. ಎಂಟು ಗಂಟೆಗೆ 8 ಸೆಂಟಿಮೀಟರ್. ಅಷ್ಟರಲ್ಲಿ ಮಗು ತಿರುಗಿತ್ತು. ಹತ್ತೂವರೆಗೆ ಪೂರ್ತಿ. ಆಮೇಲೆ ಮುಕ್ಕುವುದು. ಚೊಚ್ಚಲಿಗೆ ಇದೂ ಮೂರು ಗಂಟೆಯ ತನಕ ಹಿಡಿಯಬಹುದಂತೆ. ಪ್ರತಿ ಐದು ನಿಮಿಷಕ್ಕೊಮ್ಮೆ ಬಡಿತ ಕೇಳುತ್ತಿದ್ದರು. ರಾತ್ರಿ 12 ಗಂಟೆ 40 ನಿಮಿಷಕ್ಕೆ, ಮೊದಲ ನೋವಿನಿಂದ ಸುಮಾರು 30 ಗಂಟೆಗೆ, ಹೆಣ್ಣು ಕೂಸು. ಮೂರು ಕಿಲೋ ನೂರು ಗ್ರಾಂ. ಅತ್ತಿತು. ನಾನು ಅದಕ್ಕಿಂತ ಜೋರಾಗಿ ಅತ್ತೆ.

ಕೂಸನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿದರು. ಹೊಕ್ಕುಳಬಳ್ಳಿಯನ್ನು ಒಂದೆರಡು ನಿಮಿಷ ಬಿಟ್ಟು ಕತ್ತರಿಸಿದರು. ರಕ್ತಸ್ರಾವವಾಗದಿರಲೆಂದು ತಾಯಿಯ ತೊಡೆಗೆ ಒಂದು ಇಂಜೆಕ್ಷನ್. ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿದರು. ನಾನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ಜೇನುತುಪ್ಪದ ಶೀಶೆಯನ್ನು ದಾದಿ ನೋಡಿ ನಕ್ಕು, "ಇದು ನಿಮಗೇ ಇರಲಿ, ಕೂಸಿಗೆ ಮೊದಲ ಹಾಲೇ ಅಮೃತ" ಎಂದರು. ಸ್ನಾನವನ್ನೂ ಒಂದು ದಿನ ಕಳೆದ ಮೇಲೆ ಮಾಡಿಸಿ ಎಂದರು.

ನೀವು ಹೊರಡುವ ಮೊದಲು

ಪ್ರವಾಸ ಹೊರಡುವಾಗ ನಾವು ಎಷ್ಟು ತಯಾರಿ ಮಾಡುತ್ತೇವೆ! ಹೆರಿಗೆಗೂ ಅಷ್ಟು ಮಾಡಿ. ಎಂಟನೇ ತಿಂಗಳಿಗೇ ಯಾವ ಆಸ್ಪತ್ರೆ, ಅಲ್ಲಿಂದ ಮುಂದೆ ಯಾವುದು, ರಾತ್ರಿ ಗಾಡಿ ಯಾರದು, ರಕ್ತ ಕೊಡುವವರು ಯಾರು ಎಂದು ತೀರ್ಮಾನಿಸಿ. ತಾಯಿ ಕಾರ್ಡ್, ರಕ್ತದ ಗುಂಪಿನ ಚೀಟಿ, ಸ್ಕ್ಯಾನಿಂಗ್ ವರದಿ, ಒಗೆದು ಬಿಸಿಲಿಗೆ ಹಾಕಿದ ಮೆತ್ತನೆಯ ಹತ್ತಿಬಟ್ಟೆ, ಕೂಸಿಗೆ ಟೋಪಿ, ಒಂದು ಫ್ಲಾಸ್ಕು ಚೀಲದಲ್ಲಿರಲಿ. ಹೆರುವವಳಿಗೆ ವೈದ್ಯರು ಬೇಡವೆನ್ನದಿದ್ದರೆ ಗಂಜಿ, ಎಳನೀರು ಕೊಡುತ್ತಿರಿ. ಉಪವಾಸದಲ್ಲಿ ಶಕ್ತಿ ಎಲ್ಲಿಂದ ಬರಬೇಕು?

ಇವು ಕಂಡರೆ ಮಾತ್ರ ಗಳಿಗೆ ನೋಡಬೇಡಿ, ಕೂಡಲೇ ಹೊರಡಿ: ರಕ್ತ ಹೋಗುವುದು, ನೀರು ಒಡೆಯುವುದು, ಅದರಲ್ಲೂ ಹಸಿರು ಅಥವಾ ಕಂದು ಬಣ್ಣವಿದ್ದರೆ, ಮಗುವಿನ ಅಲುಗಾಟ ಕಡಿಮೆಯಾಗುವುದು, ಜ್ವರ, ತಲೆ ಸಿಡಿಯುವ ನೋವು, ಕಣ್ಣು ಮಂಜಾಗುವುದು, ಫಿಟ್ಸ್. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ರಕ್ತ, ಬಾಣಂತಿಯ ಊಟ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವ ಗಾಡಿ, ಮನೆಗೆ ಬಿಡುವ ಗಾಡಿ, ಎಲ್ಲವೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಉಚಿತ. ಕೇಳಿ ಪಡೆಯಿರಿ, ಸಂಕೋಚ ಬೇಡ.

ಮೂರನೇ ದಿನ ನಾವು ಅದೇ ದಾರಿಯಲ್ಲಿ ಮನೆಗೆ ಹೊರಟೆವು. ಮಳೆ ಹೊಳವಾಗಿತ್ತು. ಮಂಡಗದ್ದೆ ಬಂದಾಗ ಮಗಳು ತೊಡೆಯ ಮೇಲಿನ ಕೂಸಿನ ಟೋಪಿ ಸರಿಮಾಡುತ್ತಾ, "ಅಮ್ಮಾ, ಹಕ್ಕಿ ನೋಡೇ, ಎಷ್ಟೊಂದು!" ಎಂದಳು. 32 ವರ್ಷದಲ್ಲಿ ಮೊದಲ ಸಲ ನಾನು ಆ ಕಡೆ ತಿರುಗಿ ನೋಡಿದೆ. ಮರಿಗಳಿಗೆ ಗುಟುಕು ಕೊಡುತ್ತಿದ್ದವು.

ನೀವೂ ಮಳೆಗಾಲದಲ್ಲಿ ಈ ಕಡೆ ಬಂದರೆ ಅಲ್ಲೊಂದು ಗಳಿಗೆ ಇಳಿದು ನೋಡಿ. ಅಷ್ಟರಲ್ಲಿ 108 ಗಾಡಿಯೊಂದು ಸದ್ದು ಮಾಡುತ್ತಾ ಬಂದರೆ ಬದಿಗೆ ಸರಿದು ದಾರಿ ಬಿಡಿ. ಒಳಗೆ ಯಾರ ಮನೆಯ ಮಗಳೋ.